ದಿನಾ ಉಡುವ ಸೀರೆಗೆ ಕಸೂತಿ ಬ್ಲೌಸ್: ಎಷ್ಟು ಕೆಲಸ, ಎಲ್ಲಿ, ಯಾವ ಬಟ್ಟೆಯ ಮೇಲೆ?

ಚಿಗರಿ ಪ್ರಯಾಣಿಕ:
ಎಲ್ಲರಿಗೂ ನಮಸ್ಕಾರ ರೀ. ಮನೆ ಧಾರವಾಡದಲ್ಲಿ, ಕೆಲಸ ಹುಬ್ಬಳ್ಳಿಯಲ್ಲಿ. ದಿನಾ ಚಿಗರಿ ಬಸ್ಸಿನಲ್ಲಿ ಓಡಾಟ. ಆಫೀಸಿಗೆ ಸೀರೆಯೇ ಜಾಸ್ತಿ. ಹೆಚ್ಚಿನವು ಕಾಟನ್, ನಡುನಡುವೆ ಇಳಕಲ್. ಬ್ಲೌಸ್ ಮಾತ್ರ ಎಲ್ಲಾ ಸಪ್ಪೆ. ಮದುವೆಗೆ ಹೊಲಿಸಿದ ಆರಿ ವರ್ಕಿನವು ಬೀರುವಿನಲ್ಲಿ ಇವೆ. ಅವನ್ನು ಹಾಕಿಕೊಂಡು ಹೋದರೆ "ಇವತ್ತು ಯಾರ ಮದುವೆ?" ಅಂತ ಕೇಳುತ್ತಾರೆ. ತೂಕ ಬೇರೆ. ಸೆರಗಿನ ಎಳೆ ಮಣಿಗೆ ಸಿಕ್ಕಿ ಕಿತ್ತು ಬರುತ್ತದೆ.

ನನಗೆ ಬೇಕಾಗಿರುವುದು ನಮ್ಮ ಕಡೆಯ ಕಸೂತಿ, ಅಂದರೆ ಎಳೆ ಎಣಿಸಿ ಕೈಯಲ್ಲಿ ಹೊಲಿಯುವ ಚಿತ್ರ, ಇರುವ ಬ್ಲೌಸ್. ನೋಡಲು ಚೆಂದ ಇರಬೇಕು, ಮನೆಯಲ್ಲೇ ಒಗೆಯುವಂತಿರಬೇಕು, ಬಿಸಿಲಿಗೆ ಕಿರಿಕಿರಿ ಆಗಬಾರದು. ಒಂದು ಬ್ಲೌಸ್ ನಾಲ್ಕಾರು ಸೀರೆಗೆ ಹೊಂದಬೇಕು. ಎಲ್ಲಿಂದ ಶುರು ಮಾಡಲಿ?

ಬೆಟಗೇರಿ ಹುಡುಗಿ:
ಅಕ್ಕಾ, ಇಷ್ಟೆಲ್ಲ ಯಾಕೆ? ಗುಳೇದಗುಡ್ಡದ ಖಣ ತಗೊಳ್ಳಿ, ಕುಬಸ ಹೊಲಿಸಿ, ಮುಗಿಯಿತು. ಚಿತ್ರ ಮಗ್ಗದಲ್ಲೇ ನೇಯ್ದು ಬಂದಿರುತ್ತದೆ. ಬಿಚ್ಚುವುದಿಲ್ಲ, ಮಣಿ ಉದುರುವುದಿಲ್ಲ. ನಮ್ಮ ಗದಗಿನಲ್ಲಿ ಕಾಲೇಜು ಹುಡುಗಿಯರೂ ಈಗ ಖಣದ ಕುಬಸ ಹಾಕುತ್ತಾರೆ.

ಚಿಗರಿ ಪ್ರಯಾಣಿಕ:
ಖಣ ನನಗೂ ಇಷ್ಟ. ಉಡಿ ತುಂಬಿದಾಗ ಬಂದವು ಮನೆಯಲ್ಲಿ ಇವೆ. ಆದರೆ ಖಣದ ಮೇಲೆ ಖಣದ್ದೇ ಕಳೆ. ಪ್ರಿಂಟೆಡ್ ಕಾಟನ್ ಸೀರೆಗೆ ಅದು ಹೊಂದುವುದಿಲ್ಲ, ಎರಡೂ ಕಡೆ ಚಿತ್ರ ಆಗಿಬಿಡುತ್ತದೆ. ನನಗೆ ಬೇಕಾದದ್ದು ಸಾದಾ ಬಟ್ಟೆ, ಅದರ ಮೇಲೆ ಸ್ವಲ್ಪ ಕೈಕೆಲಸ.

ಕತ್ತರಿ ಕಾಕಾ:
ಖಣದಲ್ಲಿ ಇನ್ನೊಂದು ಮಾತಿದೆ. ಹಳೇ ಪದ್ಧತಿಯ ಖಣಕ್ಕೆ ಪನ್ನ, ಅಂದರೆ ಅಗಲ, ಕಿರಿದು. ಮೈ ತುಂಬಿದವರಿಗೆ ಉದ್ದ ತೋಳು ಬೇಕು ಅಂದರೆ ಒಂದು ಖಣದಲ್ಲಿ ಕೂರುವುದಿಲ್ಲ. ದಡಿ ತೋಳಿನ ತುದಿಗೆ ಬರಬೇಕು, ಬೆನ್ನಿಗೂ ಬರಬೇಕು ಅಂತ ಕೇಳುತ್ತಾರೆ. ಬಟ್ಟೆ ಎಲ್ಲಿಂದ ತರಲಿ? ಎರಡು ಖಣ ತನ್ನಿ ಅಂದರೆ ಸಿಟ್ಟು ಬರುತ್ತದೆ ಅವರಿಗೆ.

ಗಾವಂತಿ ಗೆಳತಿ:
ಕಸೂತಿ ಕೇಳಿದ್ದೀರಿ ಅಂದರೆ ಹೇಳುತ್ತೇನೆ, ಸ್ವಲ್ಪ ಉದ್ದ ಆಗುತ್ತದೆ.

ಕಸೂತಿಯಲ್ಲಿ ನಾಲ್ಕು ಹೊಲಿಗೆ. ಗಾವಂತಿ, ಮುರಗಿ, ನೇಗಿ, ಮೆಂತಿ. ದಿನಾ ಹಾಕುವ ಬ್ಲೌಸಿಗೆ ನನ್ನ ಓಟು ಗಾವಂತಿ, ಮುರಗಿ ಎರಡಕ್ಕೇ. ಗಾವಂತಿಯಲ್ಲಿ ಸೂಜಿ ಒಂದು ಹೆಜ್ಜೆ ಬಿಟ್ಟು ಒಂದು ಹೆಜ್ಜೆ ಇಡುತ್ತಾ ಹೋಗುತ್ತದೆ. ವಾಪಸು ಬರುವಾಗ ಬಿಟ್ಟ ಜಾಗ ತುಂಬುತ್ತದೆ. ಹಾಗಾಗಿ ಮುಂದೆ ಕಂಡ ಗೆರೆಯೇ ಹಿಂದೆಯೂ ಕಾಣುತ್ತದೆ. ಮುರಗಿಯೂ ಹೀಗೇ, ಆದರೆ ಮೆಟ್ಟಿಲು ಮೆಟ್ಟಿಲಾಗಿ ಏರುತ್ತದೆ. ಎರಡರಲ್ಲೂ ಉದ್ದ ಎಳೆ ಹಿಂದೆ ಜೋತಾಡುವುದಿಲ್ಲ.

ನೇಗಿ ನೋಡಲು ನೇಯ್ದಂತೆ ಕಾಣುತ್ತದೆ, ಬಹಳ ಚೆಂದ. ಆದರೆ ಎಳೆ ಉದ್ದ. ತೋಳಿನ ತುದಿಯಲ್ಲಿ ಹಾಕಿದರೆ ಬ್ಲೌಸ್ ತೊಡುವಾಗ ಬಳೆಗೆ ಸಿಕ್ಕುತ್ತದೆ. ಮೆಂತಿಗೆ ದಾರ ಜಾಸ್ತಿ ಬೇಕು, ದಪ್ಪ ಕೂರುತ್ತದೆ. ಸೆರಗಿಗೆ ಸರಿ, ಹಿಂಭಾಗ ಒರಟಾಗುವುದರಿಂದ ಬರಿ ಮೈಗೆ ತಾಗುವ ಕಡೆ ಬೇಡ.

ಗಂಟು ಹಾಕಬಾರದು. ದಾರದ ತುದಿಯನ್ನು ಹೊಲಿಗೆಯ ಒಳಗೇ ಸೇರಿಸಿ ಮುಚ್ಚಬೇಕು. ಆರು ಎಳೆಯ ಕಾಟನ್ ದಾರ ಸಿಗುತ್ತದಲ್ಲ, ಅದರಲ್ಲಿ ಎರಡೇ ಎಳೆ ತೆಗೆದುಕೊಳ್ಳಿ. ಮೂರು ಹಾಕಿದರೆ ಗೆರೆ ದಪ್ಪ ಆಗಿ ಸಣ್ಣ ಚಿತ್ರ ಮುದ್ದೆಯಾಗುತ್ತದೆ.

ಬಣ್ಣದ ಬಗ್ಗೆ ಒಂದೇ ಮಾತು. ಕಪ್ಪು ಇಲ್ಲವೇ ಕಡು ಕೆಂಪು ಬಟ್ಟೆ, ಮೇಲೆ ಬಿಳಿ ದಾರ. ಇಳಕಲ್ಲಿನ ಕೆಂಪು ಸೆರಗಿನಲ್ಲಿ ಬಿಳಿ ತೆನೆ ಇರುತ್ತದಲ್ಲ, ಅದಕ್ಕೆ ಇದು ತಾನಾಗಿ ಕೂಡುತ್ತದೆ. ಸಾದಾ ಕಾಟನ್‌ಗೂ ನಡೆಯುತ್ತದೆ.

ಮಾಳಮಡ್ಡಿ ವೈನಿ:
ಗಾವಂತಿ ಗೆಳತಿ ಸರಿಯಾಗಿ ಹೇಳಿದ್ದಾಳೆ. ನಮ್ಮ ಅತ್ತೆಯವರ ಚಂದ್ರಕಾಳಿ ಸೀರೆ ಈಗಲೂ ನಮ್ಮಲ್ಲಿದೆ. ಕರಿ ಸೀರೆ, ಮೈ ತುಂಬ ಕಸೂತಿ ಅಂತ ದೂರದಿಂದ ಅನಿಸುತ್ತದೆ. ಹತ್ತಿರ ಬಂದು ನೋಡಬೇಕು. ಸೆರಗಿನ ಹತ್ತಿರ ಗೋಪುರ, ತೇರು, ಅಂಬಾರಿ ಆನೆ, ಎಲ್ಲಾ ದೊಡ್ಡವು. ದೂರ ಹೋದಂತೆ ಚಿತ್ರ ಸಣ್ಣದಾಗುತ್ತವೆ. ಕೊನೆಗೆ ಬರೀ ನಕ್ಷತ್ರ. ಎಲ್ಲಿ ಕೆಲಸ ಬೇಕು, ಎಲ್ಲಿ ಬೇಡ ಅಂತ ಆ ಹೆಣ್ಣುಮಕ್ಕಳಿಗೆ ಗೊತ್ತಿತ್ತು. ಈಗಿನ ಬ್ಲೌಸುಗಳಲ್ಲಿ ಬೆನ್ನಿಗೆ ತೇರು, ತೋಳಿಗೆ ಆನೆ, ಕೊರಳಿಗೆ ನವಿಲು, ಎಲ್ಲಾ ಒಟ್ಟಿಗೇ! ಉಸಿರಾಡಲು ಜಾಗವಿಲ್ಲ.

ಇನ್ನೊಂದು. ತುಳಸಿ ಕಟ್ಟೆ, ನಂದಿ ಇಂಥವು ಬಗಲಿನ ಹತ್ತಿರ ಬೇಡಮ್ಮ. ನಂಬುವುದು ಬಿಡುವುದು ನಿಮಗೆ ಬಿಟ್ಟದ್ದು. ನಾನಂತೂ ಹಾಕುವುದಿಲ್ಲ.

ಲೆಕ್ಕ ಪಕ್ಕಾ:
ನನ್ನದು ಹುಬ್ಬಳ್ಳಿಯಲ್ಲಿ ಕಂಪ್ಯೂಟರ್ ಎಂಬ್ರಾಯ್ಡರಿ ಕೆಲಸ. ಬೈಯಬೇಡಿ, ಒಂದು ಪ್ರಶ್ನೆ ಕೇಳುತ್ತೇನೆ. ಹಿಂದೆ ಮುಂದೆ ಒಂದೇ ರೀತಿ ಕಾಣುತ್ತದೆ ಅಂತೀರಿ. ಬ್ಲೌಸಿಗೆ ಅಸ್ತರ (ಲೈನಿಂಗ್) ಹಾಕಿದ ಮೇಲೆ ಹಿಂಭಾಗ ನೋಡುವವರು ಯಾರು? ಅದೇ ಡಿಸೈನ್ ಮಷೀನಿನಲ್ಲಿ ಬೇಗ ಆಗುತ್ತದೆ, ಪಾಲಿಯೆಸ್ಟರ್ ದಾರ, ಬಣ್ಣ ಬಿಡುವುದಿಲ್ಲ, ವಾಷಿಂಗ್ ಮಷೀನಿಗೂ ಹಾಕಬಹುದು. ಅಕ್ಕ ಕೇಳಿದ್ದು ದಿನಾ ಹಾಕಲಿಕ್ಕೆ ರೀ, ಮ್ಯೂಸಿಯಂನಲ್ಲಿ ಇಡಲಿಕ್ಕೆ ಅಲ್ಲ.

ಗಾವಂತಿ ಗೆಳತಿ:
ಬೈಯುವುದಿಲ್ಲ ಅಣ್ಣಾ. ಆದರೆ ನಿಮ್ಮ ಮಷೀನ್ ಕೆಲಸದ ಹಿಂದೆ ಅಂಟಿಸುವ ಕಾಗದದಂಥ ಬಟ್ಟೆ ಬಗ್ಗೆ ಯಾಕೆ ಹೇಳಲಿಲ್ಲ? ಹರಿದು ತೆಗೆದರೂ ಹೊಲಿಗೆ ನಡುವೆ ತುಣುಕು ಉಳಿಯುತ್ತವೆ. ಬೆವರಿಗೆ ಚುಚ್ಚುತ್ತವೆ. ತೆಳು ಕೈಮಗ್ಗದ ಬಟ್ಟೆಗೆ ಒತ್ತೊತ್ತಾಗಿ ಹೊಲಿದರೆ ಸುತ್ತ ನೆರಿಗೆ ಬೀಳುತ್ತದೆ.

ನಾನು ಬೇಡ ಅನ್ನುವುದು ಮಷೀನಿಗಲ್ಲ. ಮಷೀನಿನದನ್ನು "ಕೈಕಸೂತಿ" ಅಂತ ಮಾರುವುದಕ್ಕೆ. ಕಸೂತಿಗೆ ಜಿಐ ಗುರುತು, ಅಂದರೆ ಇದು ಈ ಸೀಮೆಯದೇ ಅನ್ನುವ ಸರ್ಕಾರಿ ಗುರುತು, ಸಿಕ್ಕಿರುವುದು ಕೈಕೆಲಸ ಅಂತ. ಅದೇ ಹೆಸರು ಹೇಳಿ ಪ್ಯಾಚ್ ಅಂಟಿಸಿ ಕೊಟ್ಟರೆ ಹಳ್ಳಿಯಲ್ಲಿ ಕೂತು ಎಳೆ ಎಣಿಸುವ ಹೆಣ್ಣುಮಗಳ ಕೂಲಿ ಬೀಳುತ್ತದೆ.

ಲೆಕ್ಕ ಪಕ್ಕಾ:
ಅದನ್ನು ಒಪ್ಪುತ್ತೇನೆ. ನಾನು ಬಿಲ್ಲಿನಲ್ಲಿ ಮಷೀನ್ ಅಂತಲೇ ಬರೆಯುತ್ತೇನೆ. ಗುರುತಿಸುವುದು ಸುಲಭ. ತಿರುವಿ ನೋಡಿ. ಮೇಲೆ ಕೆಂಪು ದಾರ ಇದ್ದು ಹಿಂದೆ ಬಿಳಿ ಬಾಬಿನ್ ದಾರ ಕಂಡರೆ ಅದು ಮಷೀನಿನದೇ. ಎಲ್ಲಾ ಹೊಲಿಗೆ ಒಂದೇ ಬಿಗಿ ಇರುತ್ತದೆ. ಅಸ್ತರ ಹಾಕಿ ಮುಚ್ಚಿದ ರೆಡಿಮೇಡ್ ಬ್ಲೌಸ್ ಆದರೆ ತೋಳಿನ ಒಳಗೆ ಬೆರಳು ಹಾಕಿ ನೋಡಿ. ಕಾಗದ ಸರಸರ ಅನ್ನುತ್ತದೆ.

ಹಾವೇರಿ ಟೀಚರ್:
ನಾನು ಮಧ್ಯದಲ್ಲಿ ಬರುತ್ತೇನೆ. ಶಾಲೆಗೆ ದಿನಾ ಸೀರೆ, ಸೀಮೆಸುಣ್ಣದ ಧೂಳು, ಬೋರ್ಡಿನ ಮೇಲೆ ಬರೆಯಲು ಬಲಗೈ ಮೇಲೆತ್ತುವುದು. ನನ್ನ ಬ್ಲೌಸುಗಳು ಮೊದಲು ಹರಿಯುವುದು ಬಲ ಬಗಲಿನಲ್ಲಿ. ಕಸೂತಿ ಎಷ್ಟೇ ಗಟ್ಟಿ ಇದ್ದರೂ ಬಟ್ಟೆಯೇ ಹರಿದರೆ ಏನು ಮಾಡುವುದು? ಅದನ್ನು ಯಾರಾದರೂ ಹೇಳಿ.

ನಮ್ಮ ಕಡೆ ತಾಂಡಾಗಳಲ್ಲಿ ಲಂಬಾಣಿ ಅಜ್ಜಿಯರ ಕಾಂಚಳಿ ನೋಡಿದ್ದೀರಾ? ಕನ್ನಡಿ, ಬಣ್ಣದ ತುಂಡು ಬಟ್ಟೆ, ದಾರ, ಎಲ್ಲಾ ಕೂಡಿ ಅರಿವೆ ಕಾಣುವುದೇ ಇಲ್ಲ. ಅವರು ಅದನ್ನೇ ಹಾಕಿಕೊಂಡು ಹೊಲದಲ್ಲಿ ದುಡಿದವರು. ಕೈಕೆಲಸ ಅಂದರೆ ನಾಜೂಕು, ಕಪಾಟಿನಲ್ಲೇ ಇರಬೇಕು ಅನ್ನುವುದು ನಮ್ಮ ಪೇಟೆಯವರ ಹೆದರಿಕೆ ಅಷ್ಟೇ.

ಕತ್ತರಿ ಕಾಕಾ:
ಟೀಚರ್ ಕೇಳಿದ್ದಕ್ಕೆ ಉತ್ತರ ಕೊಡುತ್ತೇನೆ. ಹಳೇ ಹುಬ್ಬಳ್ಳಿಯಲ್ಲಿ ಬಹಳ ವರ್ಷದಿಂದ ಬ್ಲೌಸ್ ಹೊಲಿಯುತ್ತಿದ್ದೇನೆ.

ಬಗಲು ಹರಿಯುವುದು ಬಟ್ಟೆ ಸರಿ ಇಲ್ಲ ಅಂತ ಅಲ್ಲ. ತೋಳು ಬಿಗಿ, ಬಗಲಿನ ಸುತ್ತು ಕಡಿಮೆ. ಕೈ ಮೇಲೆತ್ತುವವರು ಅಳತೆ ಕೊಡುವಾಗ ಕೈ ಎತ್ತಿ ತೋರಿಸಬೇಕು. ಬಗಲಿಗೆ ಅದೇ ಬಟ್ಟೆಯ ಸಣ್ಣ ಚೌಕ ತುಂಡು ಕೂಡಿಸಿ ಅಂದರೆ ಕೂಡಿಸುತ್ತೇವೆ. ಮಾರ್ಜಿನ್ ಒಂದು ಇಂಚು ಬಿಡಿಸಿ. ಕಸೂತಿ ಮಾಡಿಸಿದ ಬ್ಲೌಸಿಗಂತೂ ಮಾರ್ಜಿನ್ ಬೇಕೇ ಬೇಕು. ಎರಡು ವರ್ಷಕ್ಕೆ ಮೈ ಬದಲಾದರೆ ಬಿಚ್ಚಿ ಹೊಲಿಯಬಹುದು.

ಈಗ ಕಸೂತಿಯ ಮಾತು. ಜನ ಬ್ಲೌಸ್ ಹೊಲಿಸಿದ ಮೇಲೆ ಕಸೂತಿ ಮಾಡಿಸಲು ಹೋಗುತ್ತಾರೆ. ಉಲ್ಟಾ ಕೆಲಸ. ಮೊದಲು ಬಟ್ಟೆ ರಾತ್ರಿಯಿಡೀ ನೀರಲ್ಲಿ ನೆನೆಸಿ, ಒಣಗಿಸಿ, ಇಸ್ತ್ರಿ ಮಾಡಿ. ಅಸ್ತರವನ್ನೂ ನೆನೆಸಿ. ಆಮೇಲೆ ನನ್ನ ಹತ್ತಿರ ತಂದರೆ ತೋಳು, ಬೆನ್ನಿನ ಗುರುತು ಹಾಕಿ ಕೊಡುತ್ತೇನೆ, ಕತ್ತರಿಸುವುದಿಲ್ಲ. ಆ ಗುರುತಿನೊಳಗೆ ಕಸೂತಿ ಆಗಲಿ. ಕೊನೆಗೆ ಕತ್ತರಿ. ನೆನೆಸದ ಬಟ್ಟೆಯ ಮೇಲೆ ಕಸೂತಿ ಆದರೆ ಮೊದಲ ಒಗೆತಕ್ಕೆ ಬಟ್ಟೆ ಕುಗ್ಗುತ್ತದೆ, ದಾರ ಕುಗ್ಗುವುದಿಲ್ಲ, ಸುಕ್ಕು ಬೀಳುತ್ತದೆ. ಇಸ್ತ್ರಿಗೂ ಹೋಗುವುದಿಲ್ಲ.

ಕ್ರಾಸ್ ಕಟ್ ಬ್ಲೌಸ್ ಕೇಳುವವರು ಬಹಳ. ಮೈಗೆ ಚೆನ್ನಾಗಿ ಕೂರುತ್ತದೆ. ಆದರೆ ಅದರಲ್ಲಿ ಎದೆಯ ಭಾಗದ ಬಟ್ಟೆ ಓರೆಯಾಗಿ ಕತ್ತರಿಸಿರುತ್ತದೆ. ಕಸೂತಿ ಎಳೆ ಹಿಡಿದು ನಡೆಯುವ ಕೆಲಸ. ಓರೆ ಬಟ್ಟೆಯ ಮೇಲೆ ಗೆರೆ ಓರೆಯಾಗಿಯೇ ಓಡುತ್ತದೆ, ಮೇಲಾಗಿ ಎಳೆದುಕೊಳ್ಳುತ್ತದೆ. ಮುಂದುಗಡೆ ಕಸೂತಿ ಬೇಡವೇ ಬೇಡ. ಹೇಗೂ ಸೆರಗು ಮುಚ್ಚುತ್ತದೆ.

ಕೊರಳಿನದೂ ಅಷ್ಟೇ. ಕಸೂತಿಯ ಪಟ್ಟಿ ನೇರ ಹೋಗುತ್ತದೆ, ಗುಂಡು ಕೊರಳಿನ ಸುತ್ತ ತಿರುಗುವುದಿಲ್ಲ. ಪಟ್ಟಿ ಬೇಕು ಅಂದರೆ ಬೆನ್ನಿಗೆ ಚೌಕ ಕೊರಳು ಇಡಿ. ಗುಂಡು ಕೊರಳೇ ಬೇಕು ಅಂದರೆ ಬಿಡಿಬಿಡಿ ಸಣ್ಣ ಬುಟ್ಟಿ (ಹೂವಿನಂಥ ಒಂಟಿ ಚಿತ್ರ) ಹಾಕಿಸಿ.

ನನ್ನ ಕೇಳಿದರೆ ಕೆಲಸವೆಲ್ಲ ತೋಳಿಗೇ ಇರಲಿ. ತೋಳು ಎಳೆ ಹಿಡಿದು ನೇರ ಕತ್ತರಿಸುತ್ತೇವೆ, ಪಟ್ಟಿ ನೇರ ಕೂರುತ್ತದೆ. ಕೆಳ ಮಡಿಕೆಗೆ ಒಂದು ಇಂಚು ಬಿಡಿ. ಮಡಿಕೆಯಿಂದ ಅರ್ಧ ಇಂಚು ಮೇಲೆ ಕಸೂತಿ ಶುರು ಆಗಲಿ. ತೀರಾ ತುದಿಗೆ ಬಂದರೆ ಮೊದಲು ಸವೆಯುವುದು ಅದೇ.

ಚಿಗರಿ ಪ್ರಯಾಣಿಕ:
ಕಾಕಾ, ಇಷ್ಟು ಬಿಡಿಸಿ ಯಾರೂ ಹೇಳಿರಲಿಲ್ಲ. ಒಂದು ಕಡೆ ಕೊಟ್ಟಾಗ ಬೆನ್ನಿನ ಬುಟ್ಟಿಯ ಮೇಲೆಯೇ ಡಾರ್ಟ್ (ಮೈಗೆ ಕೂರಲೆಂದು ಹಾಕುವ ಮಡಿಕೆ) ಹಿಡಿದು ಹೊಲಿದು ಕೊಟ್ಟಿದ್ದರು. ಅರ್ಧ ಹೂವು ಒಳಗೆ, ಅರ್ಧ ಹೊರಗೆ. ಕೇಳಿದರೆ "ಡಿಸೈನೇ ಹಂಗೈತ್ರಿ" ಅಂದರು.

ಕತ್ತರಿ ಕಾಕಾ:
ಹಹ್ಹ! ಡಾರ್ಟಿನ ಗುರುತನ್ನೂ ಮೊದಲೇ ಹಾಕಿಸಿಕೊಳ್ಳಿ ತಾಯಿ.

ಬೆಟಗೇರಿ ಹುಡುಗಿ:
ತೋಳಿಗೆ ಅಸ್ತರ ಬೇಕಾ ಕಾಕಾ? ಏಪ್ರಿಲ್‌ನಲ್ಲಿ ನಮ್ಮ ಗದಗಿನ ಬಿಸಿಲು ನಿಮಗೆ ಗೊತ್ತಲ್ಲ.

ಕತ್ತರಿ ಕಾಕಾ:
ಬೇಡ. ಮೈಗೆ ಮಾತ್ರ ಅಸ್ತರ, ತೋಳು ಸಾದಾ. ಬಟ್ಟೆ ತೀರಾ ತೆಳು ಇರದಿದ್ದರೆ ಸಾಕು.

ಗಾವಂತಿ ಗೆಳತಿ:
ನೋಡಿ ಲೆಕ್ಕ ಪಕ್ಕಾ ಅಣ್ಣಾ, ನಿಮ್ಮ ಪ್ರಶ್ನೆಗೆ ಉತ್ತರ ಇಲ್ಲೇ ಸಿಕ್ಕಿತು. ತೋಳಿಗೆ ಅಸ್ತರ ಇಲ್ಲ ಅಂದರೆ ಹಿಂಭಾಗ ನೇರ ಚರ್ಮಕ್ಕೆ ತಾಗುತ್ತದೆ. ಗಾವಂತಿ ಎರಡೂ ಕಡೆ ಒಂದೇ ಆಗಿರುವುದು ಅಲ್ಲಿ ಉಪಯೋಗಕ್ಕೆ ಬರುತ್ತದೆ. ಗಂಟಿಲ್ಲ, ಕಾಗದವಿಲ್ಲ, ಜೋತಾಡುವ ಎಳೆಯಿಲ್ಲ.

ಲೆಕ್ಕ ಪಕ್ಕಾ:
ಈ ಒಂದು ಪಾಯಿಂಟ್ ನಿಮಗೆ ಕೊಟ್ಟೆ. 😄 ಆದರೆ ರೇಟು?

ಗಾವಂತಿ ಗೆಳತಿ:
ರೇಟು ಕೈಗೊಂದು, ಊರಿಗೊಂದು. ಆದರೆ ಏನಕ್ಕೆ ದುಡ್ಡು ಕೊಡುತ್ತಿದ್ದೇವೆ ಅಂತ ತಿಳಿಯಲು ಲೆಕ್ಕ ಹೇಳುತ್ತೇನೆ.

ತೋಳಿನ ಸುತ್ತು 12 ಇಂಚು ಅಂದುಕೊಳ್ಳಿ. 14 ಕೌಂಟಿನ ಕ್ಯಾನ್ವಾಸ್ ಅಂದರೆ ಇಂಚಿಗೆ 14 ಚೌಕ. ಒಟ್ಟು 168 ಚೌಕ. 24 ಚೌಕ ಅಗಲದ ಚಿತ್ರ ಆರಿಸಿದರೆ ಸರಿಯಾಗಿ 7 ಸಲ ಬರುತ್ತದೆ. ನಾಲ್ಕನೆಯದು ತೋಳಿನ ನಡುಮಧ್ಯಕ್ಕೆ ಕೂರುತ್ತದೆ. ಅದೇ 30 ಚೌಕದ ಚಿತ್ರ ಆರಿಸಿದರೆ ಐದೂವರೆಗಿಂತ ಸ್ವಲ್ಪ ಜಾಸ್ತಿ ಬಂದು ಕೂಡುವ ಹೊಲಿಗೆಯ ಹತ್ತಿರ ಗೋಪುರ ಮುರಿದು ಬೀಳುತ್ತದೆ. ಚಿತ್ರ ಆರಿಸುವ ಮೊದಲು ಈ ಭಾಗಾಕಾರ ಮಾಡಿ.

ಒಂದು ತೋಳಿಗೆ 7 ಚಿತ್ರ, ಎರಡಕ್ಕೆ 14. ಗಾವಂತಿಯಲ್ಲಿ ಪ್ರತಿ ಗೆರೆಗೂ ಸೂಜಿ ಎರಡು ಸಲ ಓಡಬೇಕು. ಹೆಚ್ಚಿನ ಕಡೆ ಕೂಲಿ ಚಿತ್ರದ ಲೆಕ್ಕದಲ್ಲಿ ಕೊಡುತ್ತಾರೆ. ಸಣ್ಣ ಚಿತ್ರ ಅಂತ ಚೌಕಾಸಿ ಮಾಡುವವರು ಒಮ್ಮೆ ಸೂಜಿ ಹಿಡಿದು ಒಂದೇ ಒಂದು ಚಿತ್ರ ಮುಗಿಸಿ ನೋಡಲಿ. ಪೂರ್ತಿ ಬ್ಲೌಸ್ ಮಾಡಿಸಿ ರೇಟು ಇಳಿಸು ಅನ್ನುವುದಕ್ಕಿಂತ, ತೋಳಿನ ಒಂದು ಪಟ್ಟಿ ಮಾಡಿಸಿ ಅದಕ್ಕೆ ಪೂರ್ತಿ ಕೂಲಿ ಕೊಡುವುದು ಒಳ್ಳೆಯದು. ದಿನಬಳಕೆಗೆ ಅಷ್ಟೇ ಸಾಕು ಕೂಡ.

ಹಾವೇರಿ ಟೀಚರ್:
ಕ್ಯಾನ್ವಾಸ್ ಅಂದರೆ? ನಮ್ಮ ಅವ್ವ ನೇರ ಬಟ್ಟೆಯ ಎಳೆಯನ್ನೇ ಎಣಿಸುತ್ತಿದ್ದಳು.

ಗಾವಂತಿ ಗೆಳತಿ:
ಎಳೆ ಕಣ್ಣಿಗೆ ಕಾಣುವ ಬಟ್ಟೆಯಾದರೆ ಅವ್ವನ ದಾರಿಯೇ ಸರಿ. ಟೂ ಬೈ ಟೂ ರುಬಿಯಾ, ಪೋಪ್ಲಿನ್ ಇವುಗಳ ಎಳೆ ಬಹಳ ಸಣ್ಣ, ಎಣಿಸಲು ಆಗುವುದಿಲ್ಲ. ಆಗ ಜಾಳಿಯಂಥ ಕ್ಯಾನ್ವಾಸನ್ನು ಮೇಲೆ ಟಾಕಿ ಹಾಕಿ ಕೂಡಿಸುತ್ತೇವೆ. ಅದರ ಚೌಕ ನೋಡಿ ಹೊಲಿದು, ಕೊನೆಗೆ ಸ್ವಲ್ಪ ಒದ್ದೆ ಮಾಡಿ ಕ್ಯಾನ್ವಾಸಿನ ಎಳೆಗಳನ್ನು ಒಂದೊಂದಾಗಿ ಎಳೆದು ತೆಗೆಯುತ್ತೇವೆ. ಹೊಲಿಯುವಾಗ ಸೂಜಿ ಕ್ಯಾನ್ವಾಸಿನ ಎಳೆಯನ್ನು ಚುಚ್ಚಬಾರದು, ತೂತಿನಲ್ಲೇ ಹೋಗಬೇಕು. ಚುಚ್ಚಿದರೆ ಆಮೇಲೆ ಎಳೆ ಬರುವುದಿಲ್ಲ, ಹೊಲಿಗೆಯೇ ಕಿತ್ತು ಬರುತ್ತದೆ.

ಚಿಗರಿ ಪ್ರಯಾಣಿಕ:
ಖಾದಿ ನಡೆಯುತ್ತದಾ? ಬೆಂಗೇರಿ ಹತ್ತಿರವೇ ಇದೆ.

ಮಾಳಮಡ್ಡಿ ವೈನಿ:
ಯಾಕೆ ನಡೆಯುವುದಿಲ್ಲ? ಅಲ್ಲಿನ ಖಾದಿ ಗ್ರಾಮೋದ್ಯೋಗ ಸಂಯುಕ್ತ ಸಂಘ 1957ರಿಂದ ಇದೆ. ರಾಷ್ಟ್ರಧ್ವಜಕ್ಕೆ ದೇಶಕ್ಕೆಲ್ಲ ಹೆಸರು. ನಮ್ಮ ಧಾರವಾಡದ ಹತ್ತಿರದ ಗರಗವೂ ಖಾದಿಗೆ ಹೆಸರಾದ ಊರು. ಸಾದಾ ನೇಯ್ಗೆಯ ಹತ್ತಿ ಖಾದಿ, ಎಳೆ ಚೆನ್ನಾಗಿ ಕಾಣುತ್ತದೆ. ಬೇಸಿಗೆಗೆ ಅದಕ್ಕಿಂತ ಹಿತ ಯಾವುದೂ ಇಲ್ಲ.

ಗಾವಂತಿ ಗೆಳತಿ:
ಖಾದಿಗೆ ನಾನೂ ಹೂಂ ಅನ್ನುತ್ತೇನೆ. ಒಂದು ಎಚ್ಚರಿಕೆ ಮಾತ್ರ. ಕೈಯಿಂದ ನೂತ ನೂಲು, ಎಳೆಯ ದಪ್ಪ ಹೆಚ್ಚುಕಡಿಮೆ ಇರುತ್ತದೆ. ಬಟ್ಟೆ ಕೊಳ್ಳುವಾಗ ಸ್ಕೇಲ್ ಇಟ್ಟು ಹಾಸಿನ (ಉದ್ದ ಎಳೆ) ಕಡೆ ಒಂದು ಇಂಚು, ಹೊಕ್ಕಿನ (ಅಡ್ಡ ಎಳೆ) ಕಡೆ ಒಂದು ಇಂಚು ಎಣಿಸಿ. ಒಂದು ಕಡೆ 44 ಎಳೆ, ಇನ್ನೊಂದು ಕಡೆ 36 ಬಂತು ಅಂದುಕೊಳ್ಳಿ. ಎರಡೂ ಕಡೆ 40 ಎಳೆಯ ಚಿತ್ರ ಹೊಲಿದರೆ ಒಂದು ಕಡೆ 0.9 ಇಂಚು, ಇನ್ನೊಂದು ಕಡೆ 1.1 ಇಂಚು ಆಗುತ್ತದೆ. ಚೌಕ ಇರಬೇಕಾದದ್ದು ಉದ್ದ ಆಗುತ್ತದೆ. ಗೋಪುರಕ್ಕೆ ಪರವಾಗಿಲ್ಲ, ಎತ್ತರವಾಗಿ ಕಂಡರೆ ಚೆಂದವೇ. ನಕ್ಷತ್ರ, ಕಮಲ ಆದರೆ ಕಣ್ಣಿಗೆ ಹೊಡೆಯುತ್ತದೆ.

ಲೆಕ್ಕ ಪಕ್ಕಾ:
ನನ್ನ ಹೆಸರು ನಿಮಗೆ ಕೊಡಬೇಕಾಗುತ್ತದೆ ಅನಿಸುತ್ತದೆ.

ಬೆಟಗೇರಿ ಹುಡುಗಿ:
ಒಗೆಯುವುದು ಹೇಗೆ? ಕೆಂಪು ದಾರ ಬಣ್ಣ ಬಿಡುತ್ತದೆ ಅಂತ ನನಗೆ ಭಯ. ಉಪ್ಪಿನ ನೀರಲ್ಲಿ ಹಾಕಿದರೆ ನಿಲ್ಲುತ್ತದೆ ಅಂತಾರೆ.

ಹಾವೇರಿ ಟೀಚರ್:
ಉಪ್ಪು ನಂಬಬೇಡಿ. ಕಚ್ಚಾ ಬಣ್ಣಕ್ಕೆ ಉಪ್ಪು ಹಾಕಿದರೂ ಅದು ಬಿಡುತ್ತದೆ. ಹೊಲಿಯುವ ಮೊದಲೇ ದಾರವನ್ನು ಪರೀಕ್ಷೆ ಮಾಡಿ. ಸ್ವಲ್ಪ ದಾರ ಒದ್ದೆ ಮಾಡಿ ಬಿಳಿ ಬಟ್ಟೆಯ ನಡುವೆ ಇಟ್ಟು ಬಿಸಿ ಇಸ್ತ್ರಿ ಒತ್ತಿ. ಬಿಳಿ ಬಟ್ಟೆಗೆ ಕಲೆ ಬಂದರೆ ಆ ಲಡಿ ಬೇಡ. ಮುಖ್ಯ ಬಟ್ಟೆಯನ್ನೂ ಹೀಗೇ ನೋಡಿ. ಕಪ್ಪು ಬಟ್ಟೆ ಬಣ್ಣ ಬಿಟ್ಟರೆ ಬಿಳಿ ಕಸೂತಿ ಬೂದಿ ಬಣ್ಣಕ್ಕೆ ತಿರುಗುತ್ತದೆ.

ಒಗೆಯಲು ತಣ್ಣೀರು, ಅಂಟುವಾಳಕಾಯಿ ಇಲ್ಲವೇ ಮೆತ್ತನೆಯ ಸೋಪಿನ ದ್ರಾವಣ. ಉಲ್ಟಾ ಮಾಡಿ ಒಗೆಯಿರಿ. ಕಲ್ಲಿಗೆ ಬಡಿಯಬೇಡಿ, ಹಿಂಡಬೇಡಿ, ಬಹಳ ಹೊತ್ತು ನೆನೆಸಬೇಡಿ. ನೆರಳಲ್ಲಿ ಒಣಗಲಿ. ಇಸ್ತ್ರಿಯೂ ಹಿಂದಿನಿಂದ, ಕೆಳಗೆ ದಪ್ಪ ಟವಲ್ ಹಾಸಿ. ಹಾಗೆ ಮಾಡಿದರೆ ಹೊಲಿಗೆ ಚಪ್ಪಟೆ ಆಗುವುದಿಲ್ಲ.

ಮಾಳಮಡ್ಡಿ ವೈನಿ:
ಬ್ಯಾಗಿನ ಪಟ್ಟಿ ಬಗ್ಗೆ ಯಾರೂ ಹೇಳಲಿಲ್ಲ. ಬಸ್ಸಿನಲ್ಲಿ ಓಡಾಡುವವಳು, ಹೆಗಲಿಗೆ ಬ್ಯಾಗು ಇದ್ದೇ ಇರುತ್ತದೆ. ಹೆಗಲ ಮೇಲೆ ಕಸೂತಿ ಹಾಕಿಸಬೇಡ. ಎಡ ಹೆಗಲಿಗೆ ಸೆರಗು ಪಿನ್ನೂ ಚುಚ್ಚುತ್ತೀಯ. ಮತ್ತೆ ಜಡೆ ಉದ್ದ ಇದ್ದರೆ ಬೆನ್ನಿನ ಕೆಲಸ ಕಾಣುವುದೇ ಇಲ್ಲ, ಸುಮ್ನೆ ದುಡ್ಡು ದಂಡ.

ಚಿಗರಿ ಪ್ರಯಾಣಿಕ:
ವೈನಿ, ಜಡೆ ಉದ್ದ ಇಲ್ಲ, ಬಸ್ಸಿನ ಧೂಳಿಗೆ ಕತ್ತರಿಸಿಬಿಟ್ಟಿದ್ದೇನೆ. ಆದರೂ ಬೆನ್ನು ಸಾದಾ ಇರಲಿ.

ಸರಿ, ಹೀಗೆ ಮಾಡುತ್ತೇನೆ. ಕಪ್ಪು ಖಾದಿ ಒಂದು, ಕಡು ಕೆಂಪು ರುಬಿಯಾ ಒಂದು. ಮೊಣಕೈಗಿಂತ ಸ್ವಲ್ಪ ಮೇಲೆ ಬರುವ ತೋಳು. ಕಪ್ಪಿಗೆ ಗಾವಂತಿಯಲ್ಲಿ ಸಣ್ಣ ಗೋಪುರದ ಸಾಲು, ಬಿಳಿ ದಾರ. ಕೆಂಪಿಗೆ ಮುರಗಿಯ ಮೆಟ್ಟಿಲು ಪಟ್ಟಿ ಮಾತ್ರ. ಗಾವಂತಿ ಗೆಳತಿ, ನೀವು ಮಾಡಿಕೊಡುತ್ತೀರಾ, ಇಲ್ಲಾ ಯಾರ ಹತ್ತಿರವಾದರೂ ಕಳಿಸುತ್ತೀರಾ? ದಸರಾ ಹತ್ತಿರ ಬಂತು ಅಂತ ಅವಸರ ಮಾಡುವುದಿಲ್ಲ.

ಗಾವಂತಿ ಗೆಳತಿ:
ಹಬ್ಬದ ಕೆಲಸ ಕೈತುಂಬ ಇದೆ ಅಕ್ಕಾ. ದೀಪಾವಳಿ ಆದ ಮೇಲೆ ಆದರೆ ನಾನೇ ಮಾಡುತ್ತೇನೆ. ಬೇಗ ಬೇಕು ಅಂದರೆ ನನ್ನ ಜೊತೆ ಕೂತು ಹೊಲಿಯುವವರು ಇದ್ದಾರೆ, ಅವರನ್ನು ಕೇಳುತ್ತೇನೆ. ಕೂಲಿ ಅವರ ಕೈಗೇ ಕೊಡಿ. ಮೊದಲು ಕಪ್ಪು ಖಾದಿಯ ಒಂದು ತುಂಡು ಕಳಿಸಿ, ಎಳೆ ಎಣಿಸಿ ಒಂದು ಗೋಪುರ ಹೊಲಿದು ತೋರಿಸುತ್ತೇವೆ. ರಾತ್ರಿ ದೀಪದಲ್ಲಿ ಕಪ್ಪಿನ ಮೇಲೆ ಎಣಿಸುವುದು ಕಷ್ಟ, ಹಗಲಿನ ಕೆಲಸ ಅದು. ಅದಕ್ಕೇ ಕಪ್ಪಿಗೆ ದಿನ ಜಾಸ್ತಿ ಹಿಡಿಯುತ್ತದೆ.

ಚಿಗರಿ ಪ್ರಯಾಣಿಕ:
ದೀಪಾವಳಿ ಆದ ಮೇಲೆಯೇ ಆಗಲಿ. ಕಾಕಾ, ಗುರುತು ಹಾಕಿಸಲು ಬರುತ್ತೇನೆ. ಅಳತೆಗೆ ಹೊಸ ಬ್ಲೌಸ್ ತರಲಾ?

ಕತ್ತರಿ ಕಾಕಾ:
ಹೊಸದು ಬೇಡ ತಾಯಿ. ನಾಲ್ಕಾರು ಸಲ ಒಗೆದು ಮೈಗೆ ಕೂತದ್ದು ತನ್ನಿ. ಅದು ಕುಗ್ಗುವಷ್ಟು ಕುಗ್ಗಿರುತ್ತದೆ. ಮತ್ತೆ ಮಧ್ಯಾಹ್ನ ಎರಡರಿಂದ ನಾಲ್ಕು ಅಂಗಡಿ ಬಂದ್.